ಈ ಪುಟದಿಂದ ಆ ಪುಟಕ್ಕೆ ಬುತ್ತಿ ದಾಟಿಸುವ ಪ್ರಮೀಳಾ

ಬೆಳಗಿನ ಐದೂವರೆ. ಹುಣಸೂರಿನ ಹಿಂದಿನ ಬೀದಿಯೊಂದರಲ್ಲಿ, ಸೋಮಮ್ಮನವರ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ದೀಪ ಉರಿಯುತ್ತಿದೆ. ಕಿಟಕಿಯ ಸರಳುಗಳ ಮೇಲೆ, ಮೇಜಿನ ಅಂಚಿನಲ್ಲಿ, ಕೀಬೋರ್ಡಿನ ಸಂದಿಗಳಲ್ಲಿ ರಾಗಿಹಿಟ್ಟಿನ ತೆಳು ಪದರ ಕೂತಿದೆ. ಪ್ರಮೀಳಾ ಹಳೆಯ ಬನಿಯನ್ ತುಂಡಿನಿಂದ ಎಲ್ಲವನ್ನೂ ಒರೆಸಿ, ಕಂಪ್ಯೂಟರಿನ ಮುಂದೆ ಕೂತು, ಈ ಲೋಕದಲ್ಲೇ ಇಲ್ಲದ ಒಬ್ಬ ಹುಡುಗಿಯ ಹೆಸರಿನಲ್ಲಿ ಹಾಸ್ಟೆಲ್ ಅರ್ಜಿ ತುಂಬಲು ಶುರುಮಾಡುತ್ತಾರೆ.

ಆ ಹುಡುಗಿಯ ಹೆಸರು ಪುಟ್ಟಮ್ಮ. ಅರ್ಜಿ ಕಾಲ ಬಂದರೆ, ಪುಟಗಳ ಪರೀಕ್ಷೆಗೆಂದು ಪ್ರತಿದಿನ ಬೆಳಿಗ್ಗೆ ಹುಟ್ಟಿ, ಅರ್ಜಿ ಹಾಕಿ, ಅಳಿಸಿಹೋಗುವವಳು. ಮೊದಲ ಪುಟದಲ್ಲಿ ಅವಳ ಹೆಸರು, ತಂದೆತಾಯಿಯ ಹೆಸರು, ಊರು, ಮೊಬೈಲ್ ನಂಬರು. ಕೆಳಗಿನ ಹಸಿರು ಗುಂಡಿ ಒತ್ತಿದರೆ ಪರದೆ ಒಂದು ಗಳಿಗೆ ಬೆಳ್ಳಗಾಗುತ್ತದೆ. ಆಮೇಲೆ ಇನ್ನೊಂದು ಪುಟ ತೆರೆದುಕೊಳ್ಳುತ್ತದೆ. ಮೊದಲ ಪುಟದಲ್ಲಿ ಬರೆದದ್ದೆಲ್ಲ ಅಲ್ಲಿ ಆಗಲೇ ತುಂಬಿಕೊಂಡಿರುತ್ತದೆ. ನಾನು ಗಮನಿಸಿದಂತೆ, ಪರದೆ ಬೆಳ್ಳಗಾಗುವ ಆ ಗಳಿಗೆಯಲ್ಲಿ ಪ್ರಮೀಳಾ ಉಸಿರು ಹಿಡಿದಿರುತ್ತಾರೆ.

"ಬಂದ್ಲು," ಎನ್ನುತ್ತಾರೆ ಅವರು, ಪರದೆಯ ಮೇಲೆ ಪುಟ್ಟಮ್ಮನ ಹೆಸರು ಕಂಡಾಗ. "ಕೆಳಗೆ ಮಿಲ್ಲು ಶುರುವಾದ್ರೆ ಕರೆಂಟು ಅಂಗೇ ಇಂಗೇ ಆಡ್ತದೆ ಕಣ್ರೀ. ಅಷ್ಟ್ರೊಳಗೆ ಇವಳ್ನ ಆ ಕಡೆ ದಾಟ್ಸಿ ನೋಡ್ಬುಡ್ಬೇಕು."

ಮೂಲೆಯ ಮಂಚದ ಮೇಲಿಂದ ಅವರ ತಂದೆ ಕೆಂಪಯ್ಯ ಮಗ್ಗುಲು ಬದಲಿಸುತ್ತಾರೆ. "ನಾಕ್ ವರ್ಸದಿಂದ ಅರ್ಜಿ ಹಾಕ್ತಾವ್ಳೆ. ಪಾಪ, ಆ ಪುಟ್ಟಮ್ಮಂಗೆ ಇನ್ನೂ ಸೀಟ್ ಸಿಕ್ಕಿಲ್ಲ."

ಪ್ರಮೀಳಾ ಮಾಡುವ ಕೆಲಸ ಏನೆಂದು ಓದುಗರಿಗೆ ಹೇಳುವುದು ನನಗೆ ಸುಲಭವಾಗಿಲ್ಲ. ಅವರಿಂದಲೇ ಎರಡು ಸಲ ಹೇಳಿಸಿಕೊಂಡು ಬರೆದಿದ್ದೇನೆ. ತಪ್ಪಿದ್ದರೆ ಅದು ನನ್ನದು, ಅವರದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳ ಹೆಣ್ಣುಮಕ್ಕಳಿಗಾಗಿ ಒಂದು ಸಂಸ್ಥೆ ಉಚಿತ ಹಾಸ್ಟೆಲುಗಳನ್ನು ನಡೆಸುತ್ತಿದೆ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರುವವರು ಅಲ್ಲಿದ್ದು ಓದಬಹುದು. ಅರ್ಜಿ ಆನ್‌ಲೈನಿನಲ್ಲೇ ಹಾಕಬೇಕು. ಹೆಸರು ನೋಂದಾಯಿಸುವ ಪುಟ ಒಂದು, ಹಾಸ್ಟೆಲ್ ಅರ್ಜಿಯ ಪುಟ ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ಹೋದವರು ಮತ್ತೆ ಮೊದಲಿಂದ ಹೆಸರು ಊರು ಬರೆಯದಂತೆ, ಬರೆದದ್ದನ್ನು ಅವರಿಗಿಂತ ಮುಂಚೆ ಆ ಕಡೆಗೆ ತಲುಪಿಸುವ ಏರ್ಪಾಟು ಪ್ರಮೀಳಾ ಅವರದು. ಮೈಸೂರಿನ ಒಂದು ಸಣ್ಣ ಕಂಪನಿಯ ಪರವಾಗಿ ಅವರು ಈ ಕೆಲಸ ಮಾಡುತ್ತಾರೆ. ಎರಡೂ ಪುಟಗಳಲ್ಲಿ ಎಲ್ಲಿಯೂ ಅವರ ಹೆಸರಿಲ್ಲ.

"ನಾನು ಬುತ್ತಿ ದಾಟ್ಸೋಳು ಅಷ್ಟೆ. ಅಪ್ಪನ ಕೆಲ್ಸಾನೆ."

ಕೆಂಪಯ್ಯ ಹುಣಸೂರು–ಕೋಟೆ ನಡುವಿನ ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವರು. ಹುಣಸೂರಿನಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ಮಕ್ಕಳಿಗೆ ಹಳ್ಳಿಯ ತಾಯಂದಿರು ಬುತ್ತಿ ಕಟ್ಟಿ ಅವರ ಬಸ್ಸಿಗೆ ಹಾಕುತ್ತಿದ್ದರು. ಸೀಟಿನ ಕೆಳಗೆ, ಡ್ರೈವರಿನ ಪಕ್ಕ, ಬಾನೆಟ್ಟಿನ ಮೇಲೆ ಬಟ್ಟೆ ಗಂಟುಗಳು. ಅನ್ನದ ಬಿಸಿಯೂ ಇಂಜಿನ್ನಿನ ಬಿಸಿಯೂ ಸೇರಿ ಬಸ್ಸೆಲ್ಲ ಸಾರಿನ ವಾಸನೆ. ಕೆಂಪಯ್ಯ ಅದಕ್ಕೆ ಟಿಕೆಟ್ ಹರಿದವರಲ್ಲ. ಮಂಡಿ ಸವೆದು ಮನೆ ಹಿಡಿದ ಮೇಲೆ, ಮೈಸೂರಿಗೆ ಓಡಾಡುತ್ತಿದ್ದ ಮಗಳು ಕೆಲಸವನ್ನು ಈ ಕೋಣೆಗೇ ತಂದುಕೊಂಡರು. ಪ್ರಮೀಳಾಗೆ ಈಗ ಮೂವತ್ತನಾಲ್ಕು.

ಕೆಲಸ ಹೊರಗಿನಿಂದ ನೋಡಿದರೆ ಏನೂ ಅಲ್ಲ. ಸರಿಯಾಗಿ ನಡೆದರೆ ಯಾರಿಗೂ ಕಾಣುವುದಿಲ್ಲ. ತಪ್ಪಿದರೆ ಒಬ್ಬರ ಹೆಸರು ಇನ್ನೊಬ್ಬರ ಅರ್ಜಿಯೊಳಗೆ ಹೋಗಿ ಕೂರುತ್ತದೆ. ಮೊದಲ ವರ್ಷ ಹಾಗೆಯೇ ಆಗಿತ್ತು. ಆಗ ಪ್ರಮೀಳಾ ಹೆಸರು ಊರುಗಳನ್ನು ಪುಟದ ವಿಳಾಸದ, ಅಂದರೆ ಲಿಂಕಿನ, ಬಾಲಕ್ಕೇ ಕಟ್ಟಿ ಕಳಿಸುತ್ತಿದ್ದರು. ಕೆ.ಆರ್. ನಗರದ ಕಡೆ, ಚುಂಚನಕಟ್ಟೆಯ ಹತ್ತಿರದ ಊರಿನ ಒಬ್ಬ ಹುಡುಗಿ ತನ್ನ ಅರ್ಜಿ ತೆರೆದಿದ್ದಾಗ ಆ ವಿಳಾಸವನ್ನೇ ನಕಲು ಮಾಡಿ, 'ಫಾರಂ ಇಲ್ಲಿದೆ, ಎಲ್ಲರೂ ಹಾಕಿ' ಎಂದು ಗೆಳತಿಯರ ವಾಟ್ಸಾಪ್ ಗುಂಪಿಗೆ ಹಾಕಿದಳು. ಗುಂಪಿನವರು ಯಾರು ತೆರೆದರೂ ಅವಳ ಹೆಸರೇ ತುಂಬಿಕೊಂಡು ಬಂತು. ಪುಣ್ಯಕ್ಕೆ ಕೊನೆಯ ದಿನಾಂಕಕ್ಕೆ ಮುಂಚೆಯೇ ಗೊತ್ತಾಯಿತು.

ಅಂದಿನಿಂದ ಪ್ರಮೀಳಾ ವಿಳಾಸಕ್ಕೆ ಏನನ್ನೂ ಕಟ್ಟುವುದಿಲ್ಲ. ಮೊಬೈಲ್ ನಂಬರನ್ನೇ ಗುರುತು ಮಾಡಿಕೊಂಡರು. ನಂಬರಿಗೆ ಬರುವ ಓಟಿಪಿ ಹಾಕಿದರೆ, ಆ ನಂಬರಿನ ಬುತ್ತಿ ಯಾವುದೋ ಅದು ಆ ಕಡೆ ಬಿಚ್ಚಿಕೊಳ್ಳುತ್ತದೆ. ಒಂದು ಕಡೆ ಬರೆದದ್ದು, ಇನ್ನೊಂದು ಕಡೆ ತಿದ್ದಿದ್ದು ಬೇರೆಬೇರೆಯಾಗಿ ಅರ್ಜಿಗಳು ಬಿದ್ದುಹೋಗುತ್ತಿದ್ದವೆಂದು, ಎರಡನೆಯ ಪುಟದ ಹೆಸರಿನ ಚೌಕಗಳಿಗೆ ಬೀಗವನ್ನೂ ಹಾಕಿದರು. ಬೂದು ಬಣ್ಣದ ಆ ಚೌಕಗಳನ್ನು ನೋಡಬಹುದು, ಮುಟ್ಟಿ ತಿದ್ದಲಾಗದು.

"ಒಬ್ರಿಗೆ ಒಂದ್ ನಂಬರು ಇದ್ದೇ ಇರ್ತದೆ ಅಂದ್ಕಂಡಿದ್ದೆ," ಎನ್ನುತ್ತಾರೆ ಪ್ರಮೀಳಾ. ಈ ಮಾತನ್ನು ಅವರು ನನಗೆ ಬೆಳಿಗ್ಗೆ ಹೇಳಲಿಲ್ಲ. ಸಂಜೆ ಹೇಳಿದರು.

ನಾನು ಅವರಲ್ಲಿಗೆ ಹೋದದ್ದು ಅರ್ಜಿಯ ಕೊನೆಯ ದಿನ. ಸಂಜೆ ಐದಕ್ಕೆ ಪುಟ ಮುಚ್ಚುತ್ತದೆ. ಇಂಥ ದಿನ ಅವರ ತಲೆ ತಿನ್ನಲು ಬಂದೆನಲ್ಲಾ ಎಂದು ನಾನು ಮುದುಡಿಕೊಂಡೇ ಕೂತಿದ್ದೆ. ಹತ್ತು ಗಂಟೆಯ ಹೊತ್ತಿಗೆ ಫೋನ್ ಬರುತ್ತದೆ. ಕೋಟೆಯ ಬಸ್ ನಿಲ್ದಾಣದ ಬಳಿ ಆನ್‌ಲೈನ್ ಅಂಗಡಿ ಇಟ್ಟಿರುವ ಧರ್ಮೇಂದ್ರ. ಪ್ರಮೀಳಾ ಸ್ಪೀಕರ್ ಹಾಕುತ್ತಾರೆ.

"ಅಕ್ಕ, ಒಂದ್ ಎಡವಟ್ಟಾಗದೆ. ಇಲ್ಲಿ ಹಾಡಿ ಕಡೆಯಿಂದ ಒಂದ್ ಹುಡ್ಗಿ ಬಂದದೆ, ಕಾವ್ಯಾ ಅಂತ. ನಂಬರ್ ಹಾಕುದ್ರೆ ಬ್ಯಾರೆ ಯಾರ್ದೋ ಹೆಸ್ರು ಬತ್ತಾ ಅದೆ. ಈಗಾಗ್ಲೇ ಸೀಟು ಪಡ್ದವ್ರೆ ಅಂತದೆ."

"ಯಾರ ಹೆಸ್ರೋ?"

ಧರ್ಮೇಂದ್ರ ಉತ್ತರಿಸುವ ಮುಂಚೆ ಒಂದು ಹುಡುಗಿಯ ದನಿ ಹತ್ತಿರ ಬರುತ್ತದೆ. "ಅಕ್ಕಾ, ಅದು ಚಿನ್ನು. ನಮ್ ಶಿವಣ್ಣಮಾಮನ ಮಗ್ಳು. ಹೋದ್ವರ್ಸ ಸೇರ್ಕಂಡ್ಳು. ನಾನಲ್ಲ ಅದು."

ನಿಧಾನವಾಗಿ ವಿಷಯ ಬಿಚ್ಚಿಕೊಳ್ಳುತ್ತದೆ. ಕಾಡಂಚಿನ ಆ ಹಾಡಿಯಲ್ಲಿ, ಅಂದರೆ ಆದಿವಾಸಿಗಳ ಸಣ್ಣ ಕೇರಿಯಲ್ಲಿ, ಫೋನುಗಳು ಒಂದೆರಡಿದ್ದರೂ ಸಿಗ್ನಲ್ ಇಲ್ಲ. ಹಾಡಿಯಿಂದ ಸ್ವಲ್ಪ ದೂರದ ಹುತ್ತದ ದಿಬ್ಬದ ಮೇಲೆ ಮಾತ್ರ ಸಿಗುತ್ತದೆ. ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರ್ ಆಗಿರುವ ಶಿವಣ್ಣ ದಿನವೂ ಆ ದಿಬ್ಬ ಹತ್ತುವವರು. ಹಾಗಾಗಿ ಹಾಡಿಯವರೆಲ್ಲರ ನಂಬರು ಶಿವಣ್ಣನ ನಂಬರೇ. ರೇಷನ್ನಿಗೆ, ಆಸ್ಪತ್ರೆಗೆ, ಶಾಲೆಗೆ, ಯಾರು ಎಲ್ಲಿ ಕೇಳಿದರೂ ಅದೊಂದೇ. ಹೋದ ವರ್ಷ ಅದೇ ನಂಬರಿನಲ್ಲಿ ಅರ್ಜಿ ಹಾಕಿ ಚಿನ್ನು ಸೀಟು ಪಡೆದಳು. ಈ ವರ್ಷ ಕಾವ್ಯಾ ಅದೇ ನಂಬರು ಕೊಟ್ಟಿದ್ದಾಳೆ. ಪ್ರಮೀಳಾ ಅವರ ಏರ್ಪಾಟು ನಂಬರು ನೋಡಿದೆ, ಚಿನ್ನುವಿನ ಬುತ್ತಿಯನ್ನು ತಂದು ಕಾವ್ಯಾಳ ಮುಂದೆ ಬಿಚ್ಚಿದೆ. ಚೌಕಗಳಿಗೆ ಬೀಗ. ತಿದ್ದುವಂತಿಲ್ಲ.

"ಬ್ಯಾರೆ ನಂಬರ್ ಹಾಕೋಕಾಗಲ್ವಾ?" ಪ್ರಮೀಳಾ ಕೇಳುತ್ತಾರೆ.

ಈ ಸಲ ಒಬ್ಬ ಹೆಂಗಸಿನ ದನಿ. ಕಾವ್ಯಾಳ ತಾಯಿ ಜವರಿ. "ಬ್ಯಾರೆ ಯಾವ್ದವ್ವ? ನಮ್ಗೆಲ್ಲ ಅದೇ ನಂಬ್ರು. ಈ ಅಂಗ್ಡಿ ಅಣ್ಣನ ನಂಬ್ರ ಹಾಕುದ್ರೆ ನಾಳಿಕ್ ಕರೆ ಬಂದಾಗ ನಮ್ಗೆ ಯೋಳೋರ್ ಯಾರು? ಶಿವಣ್ಣ ಆದ್ರೆ ಕೂಗ್ ಹಾಕ್ತನೆ."

ಅವರು ಹೇಳುವುದು ಸರಿ. ಅಂಗಡಿಯವರ ನಂಬರು ಹಾಕಿ, ಸಂದರ್ಶನದ ಕರೆ ತಲುಪದೆ, ಪಿರಿಯಾಪಟ್ಟಣದ ಕಡೆ ಹುಡುಗಿಯೊಬ್ಬಳು ಸೀಟು ಕಳೆದುಕೊಂಡ ಮೇಲೆ ಸಂಸ್ಥೆ ಅದನ್ನು ನಿಲ್ಲಿಸಿದೆ. ಈಗ ಅಂಗಡಿಯ ನಂಬರನ್ನು ಪುಟ ತೆಗೆದುಕೊಳ್ಳುವುದೇ ಇಲ್ಲ. ಆ ತಡೆಯನ್ನು ಹಾಕಿದವರೂ ಪ್ರಮೀಳಾ.

"ಅಂಗಾದ್ರೆ ನೀವೇ ಒಳಗಡೆಯಿಂದ ಹೆಸ್ರು ತಿದ್ಬುಡಿ ಅಕ್ಕ. ಕೀ ನಿಮ್ ತಾವಲ್ವಾ ಇರೋದು?" ಎನ್ನುತ್ತಾನೆ ಧರ್ಮೇಂದ್ರ.

"ತಿದ್ದುದ್ರೆ ಚಿನ್ನು ಇರಲ್ಲ ಕಣೋ. ಆ ನಂಬರಿಗೆ ಇರೋದು ಒಂದೇ ಬುತ್ತಿ. ಅದ್ರ ಮೇಲೆ ಕಾವ್ಯಾ ಅಂತ ಬರುದ್ರೆ, ಚಿನ್ನು ಸೀಟು ಹೋಯ್ತದೆ. ಒಬ್ಳನ್ನ ಎಬ್ಬಿಸಿ ಇನ್ನೊಬ್ಳನ್ನ ಕೂರ್ಸ್ದಂಗೆ."

ಆ ಕಡೆ ಬಸ್ಸಿನ ಹಾರನ್ ಕೇಳಿಸುತ್ತದೆ. ಆಮೇಲೆ ಕಾವ್ಯಾ ಸಣ್ಣ ದನಿಯಲ್ಲಿ ಕೇಳುತ್ತಾಳೆ: "ಅಕ್ಕ, ಇವತ್ತೇ ಲಾಸ್ಟಾ?"

ಕಾವ್ಯಾಗೆ ಈ ಹಾಸ್ಟೆಲ್ ಎಂದರೆ ಏನೆಂದು ಧರ್ಮೇಂದ್ರ ನನಗೆ ಆಮೇಲೆ ವಿವರಿಸಿದ. ಹಾಡಿಯಿಂದ ಟಾರು ರಸ್ತೆಗೆ ನಡೆಯಬೇಕು, ಆನೆ ಓಡಾಡುವ ದಾರಿ. ಬೆಳಗಿನ ಬಸ್ಸಿಗೆ ಕತ್ತಲಲ್ಲಿ ಹೊರಡಬೇಕು, ಸಂಜೆಯ ಬಸ್ಸು ಇಳಿಸಿದಾಗ ಕತ್ತಲಾಗಿರುತ್ತದೆ. ಹಾಸ್ಟೆಲ್ ಸಿಕ್ಕಿದರೆ ಕಾಲೇಜು, ಇಲ್ಲದಿದ್ದರೆ ತಾಯಿಯ ಜೊತೆ ಕೊಡಗಿನ ತೋಟದ ಕೂಲಿ. ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿಯ ಜೀಪು ವಾರದ ಮೊದಲ ದಿನವೇ ಬರುತ್ತದಂತೆ. ಜವರಿ ಮಗಳ ಲೆಕ್ಕ ಸೇರಿಸಿ ಮೇಸ್ತ್ರಿಗೆ ಇನ್ನೂ ಮಾತು ಕೊಟ್ಟಿಲ್ಲ. ಬರುವುದಿಲ್ಲ ಎಂದೂ ಹೇಳಿಲ್ಲ.

ಪ್ರಮೀಳಾ ಫೋನಿಟ್ಟು ಎಡಗೈ ಹೆಬ್ಬೆರಳಿನ ಉಗುರನ್ನು ಕಚ್ಚುತ್ತಾರೆ. ಮೈಸೂರಿನ ಮ್ಯಾನೇಜರಿಗೆ ಫೋನ್ ಮಾಡುತ್ತಾರೆ. ಅವರು ಹೇಳುವುದೂ ತಪ್ಪಲ್ಲ: ಇವತ್ತು ಕೊನೆಯ ದಿನ, ನಾಲ್ಕು ತಾಲ್ಲೂಕುಗಳಲ್ಲಿ ಈ ಗಳಿಗೆಯಲ್ಲಿ ಎಷ್ಟೋ ಮಕ್ಕಳು ಅರ್ಜಿ ತುಂಬುತ್ತಾ ಅರ್ಧದಲ್ಲಿದ್ದಾರೆ, ಈಗ ಕೈ ಹಾಕಿ ಏನಾದರೂ ಕೆಟ್ಟರೆ ಎಲ್ಲರದೂ ಕೆಡುತ್ತದೆ. 'ನಿಮ್ಮ ಜವಾಬ್ದಾರಿ ಮೇಲೆ' ಎಂದು ಅವರು ಕೊನೆಗೆ ಹೇಳಿದ್ದನ್ನು ಪ್ರಮೀಳಾ ನನಗೆ ಎರಡು ಸಲ ಹೇಳುತ್ತಾರೆ. ಅದು ಒಪ್ಪಿಗೆಯೋ ಎಚ್ಚರಿಕೆಯೋ ಅವರಿಗೂ ತಿಳಿದಂತಿಲ್ಲ.

"ಹೋಗ್ಲಿ, ಆ ಶಿವಣ್ಣನ ತಾವ ಇನ್ನೊಂದ್ ಸಿಮ್ ಇದ್ದಾತು ಕೇಳಣ," ಎಂದು ಅವರು ಆ ನಂಬರಿಗೇ ಡಯಲ್ ಮಾಡುತ್ತಾರೆ. ಓಟಿಪಿ ಓದಿ ಹೇಳಲೆಂದು ಶಿವಣ್ಣ ಬೆಳಗಿನಿಂದ ದಿಬ್ಬದ ಮೇಲೇ ಕಾದಿದ್ದಾರೆ. ಒಂದೇ ರಿಂಗಿಗೆ ಎತ್ತುತ್ತಾರೆ. ಹಲೋ ಎನ್ನುವುದಿಲ್ಲ.

"ಯಾರ್ ಮನೆಗೆ ಫೋನು?"

ಪ್ರಮೀಳಾ ಒತ್ತಿದ ನಂಬರನ್ನು ಮತ್ತೊಮ್ಮೆ ನೋಡುತ್ತಾರೆ.

"ಯೋಳಿ, ಯಾರ್ ಮನೆಗೆ? ಕೂಗ್ತೀನಿ," ಎನ್ನುತ್ತದೆ ಆ ಕಡೆಯ ದನಿ.

"ನೀವು... ಯಾವಾಗ್ಲೂ ಇಂಗೇ ಕೇಳ್ತೀರಾ ಶಿವಣ್ಣ?"

"ಇನ್ನೆಂಗ್ ಕೇಳಾದು ಮೇಡಮ್ಮೋರೆ? ಫೋನ್ ನಂದು ಅಂತ ಬಂದಿದ್ದೆಲ್ಲ ನಂದಾದದಾ?" ಶಿವಣ್ಣ ನಗುತ್ತಾರೆ. "ಹೋದ್ ತಿಂಗ್ಳು ಆಸ್ಪತ್ರೆಯಿಂದ ಫೋನ್ ಮಾಡಿ, ನಿಮ್ಗೆ ಹೆರಿಗೆ ದಿನ ಹತ್ರ ಬಂತು, ಬಂದ್ ಸೇರ್ಕಳಿ ಅಂದ್ರು. ನನ್ಗಲ್ಲ ಕಣವ್ವ, ತಡಿ, ಕೂಗ್ತೀನಿ ಅಂದೆ."

ಕೆಂಪಯ್ಯ ಮಂಚದ ಮೇಲೆ ನಗುತ್ತಾರೆ. ಪ್ರಮೀಳಾ ನಗುವುದಿಲ್ಲ. ಫೋನಿನಲ್ಲೇ ಕೇಳುತ್ತಾರೆ, "ನೀವು ದಿಬ್ಬದ ಮೇಲೆ ಎಷ್ಟೊತ್ತು ಇರ್ತೀರಿ?"

"ನಾಕ್ ಗಂಟೆಗೆ ಇಲಾಖೆ ಜೀಪ್ ಬತ್ತದೆ. ಕಾಡೊಳಕ್ ಹೋದ್ಮೇಲೆ ನಾಳೆ ಬೆಳಿಗ್ಗೇನೆ."

ಅಂದರೆ ಐದಲ್ಲ, ನಾಲ್ಕು. ಓಟಿಪಿ ಬರುವುದು ಶಿವಣ್ಣನ ಕೈಗೆ. ಅವರು ಕಾಡಿನೊಳಗೆ ಹೋದರೆ ಕಾವ್ಯಾಳ ಅರ್ಜಿಯೂ ಹೋದಂತೆ.

ಪ್ರಮೀಳಾ ಕುರ್ಚಿಯನ್ನು ನನ್ನ ಕಡೆ ತಿರುಗಿಸುತ್ತಾರೆ. "ನೋಡಿ, ಆವಯ್ಯ ಫೋನ್ ಎತ್ತಿದ್ ತಕ್ಷಣ ಕೇಳ್ದ. ನನ್ ಪುಟ ಕೇಳ್ಲೇ ಇಲ್ಲ. ನಂಬರ್ ಕಂಡ ತಕ್ಷಣ ಇವ್ಳೇ ಚಿನ್ನು ಅಂತ ತೀರ್ಮಾನ ಮಾಡ್ಬುಡ್ತು."

"ನಾನೂ ಅಂಗೇ ಕೇಳ್ತಿದ್ದೆ," ಕೆಂಪಯ್ಯ ಹೇಳುತ್ತಾರೆ. "ಸ್ಟಾಪಲ್ಲಿ ನಾಕ್ ಹುಡುಗ್ರು ಕೈ ಚಾಚೋರು. ಯಾರ್ ಮನೆ ಬುತ್ತಿಲಾ ಅಂತ ಕೇಳಿ, ಹೆಸ್ರು ಯೋಳ್ಸಿ, ಆಮ್ಯಾಕೇ ಕೊಡ್ತಿದ್ದೆ. ಒಂದೇ ಸ್ಟಾಪಲ್ಲಿ ನಿಂತವ್ರೆ ಅಂತ ಒಂದೇ ಬುತ್ತಿ ಕೊಡಕ್ಕಾಯ್ತದಾ? ನೀನ್ ಅದ್ನ ಇಟ್ಟಿಲ್ವಾ ಮಗಾ?"

ಮಗಳು ಆಗಲೇ ಪರದೆಯ ಕಡೆ ತಿರುಗಿಯಾಗಿದೆ.

ಮಾಡಬೇಕಾದದ್ದು ಹೇಳಲು ಸಣ್ಣದು. ಎರಡು ಪುಟಗಳ ನಡುವೆ ಒಂದು ಪ್ರಶ್ನೆ ಇಡಬೇಕು. ಓಟಿಪಿ ಹಾಕಿದ ಮೇಲೆ ಪುಟ ಕೇಳಬೇಕು: ಈ ನಂಬರಿನಲ್ಲಿ ಯಾರ ಅರ್ಜಿ? ಹಳಬರಾದರೆ ಅವರ ಹೆಸರು ಒತ್ತಬೇಕು, ಹೊಸಬರಾದರೆ 'ಬೇರೆಯವರು' ಎಂದು ಒತ್ತಬೇಕು. ಹೊಸಬರಿಗೆ ಹೊಸ ಬುತ್ತಿ, ಅದಕ್ಕೆ ಅದರದೇ ಗುರುತು. ಅದು ಒಬ್ಬರ ಮುಂದೆ ಒಮ್ಮೆ ಬಿಚ್ಚಿಕೊಂಡರೆ ಮುಗಿಯಿತು, ಇನ್ನೊಬ್ಬರ ಮುಂದೆ ಬಿಚ್ಚಿಕೊಳ್ಳಬಾರದು. ಆದರೆ ಇದನ್ನು ಮಾಡುವುದೆಂದರೆ ಓಡುತ್ತಿರುವ ಬಸ್ಸಿನ ಚಕ್ರ ಬದಲಿಸಿದ ಹಾಗೆ. ಅರ್ಧ ದಾರಿಯಲ್ಲಿರುವ ಯಾವ ಮಗುವಿನ ಹೆಸರೂ ಜಾರಿ ಬೀಳಬಾರದು.

ಮಧ್ಯಾಹ್ನ ಊಟಕ್ಕೆ ಅವರು ಏಳುವುದಿಲ್ಲ. ಪುಟ್ಟಮ್ಮ ಮತ್ತೆ ಹುಟ್ಟುತ್ತಾಳೆ. ಈ ಸಲ ಅವಳಿಗೆ ಒಬ್ಬ ತಂಗಿಯೂ ಬೇಕು. ಕೆಂಪಯ್ಯನವರ ಒಂದೇ ನಂಬರಿನಲ್ಲಿ ಇಬ್ಬರೂ ಅರ್ಜಿ ಹಾಕಿ ನೋಡಬೇಕು. ತಂಗಿಗೆ ಹೆಸರು ಕೆಂಪಯ್ಯನವರೇ ಇಡುತ್ತಾರೆ: ಚಿಕ್ಕಪುಟ್ಟಮ್ಮ. ಮೊದಲ ಸಲ ತಂಗಿಯ ಅರ್ಜಿಯಲ್ಲಿ ಅಕ್ಕನ ಹೆಸರು ಬರುತ್ತದೆ. ಪ್ರಮೀಳಾ ಮುಖ ಒರೆಸಿಕೊಳ್ಳುತ್ತಾರೆ. ಎರಡನೆಯ ಸಲ ತಂಗಿಯ ಹೆಸರು ಸರಿ ಬಂದು, ಊರು ಅಕ್ಕನದು ಬರುತ್ತದೆ. ಆಗ ಕೆಳಗೆ, ಊಟದ ಹೊತ್ತಿಗೆ ನಿಂತಿದ್ದ ಗಿರಣಿಯ ಬೆಲ್ಟು ಮತ್ತೆ ಕಿರುಗುಟ್ಟಿ ತಿರುಗಲು ಶುರುಮಾಡುತ್ತದೆ. ನೆಲ ನಡುಗುತ್ತದೆ. ದೀಪ ಮಂಕಾಗುತ್ತದೆ. ಕಂಪ್ಯೂಟರಿನ ಕೆಳಗಿನ ಯುಪಿಎಸ್ ಕೂಗಿಕೊಳ್ಳುತ್ತದೆ. ಅದರ ಬ್ಯಾಟರಿ ಹಳೆಯದು, ಹೆಚ್ಚು ಹೊತ್ತು ತಡೆಯುವುದಿಲ್ಲ.

ಪ್ರಮೀಳಾ ಮೆಟ್ಟಿಲಿಳಿದು ಓಡುತ್ತಾರೆ. ನಾನೂ ಹಿಂದೆಯೇ ಹೋಗುತ್ತೇನೆ. ಗಿರಣಿಯ ಮುಂದೆ ಐದಾರು ಜನ ರಾಗಿ ಡಬ್ಬ ಇಟ್ಟುಕೊಂಡು ಸಾಲಾಗಿ ಕೂತಿದ್ದಾರೆ.

"ಸೋಮಕ್ಕ, ಒಂದರ್ಧ ಗಂಟೆ ಮಿಲ್ ನಿಲ್ಸ್ತೀರಾ?"

ಸೋಮಮ್ಮನವರ ಹುಬ್ಬುಗಳೂ ಬಿಳಿ. "ಆಹಾ! ಮ್ಯಾಲಿರೋ ಬಾಡ್ಗೇರು ಕೆಳಗಿರೋ ಓನರ್ ಮಿಲ್ ನಿಲ್ಸೋ ಕಾಲ ಬಂತಾ? ನಿನ್ ಕಂಪ್ಯೂಟ್ರು ಒಂದ್ ಸೇರ್ ರಾಗಿ ಬೀಸಿಕೊಡ್ತದಾ ಯೋಳಮ್ಮಿ, ನಿಲ್ಸ್ತೀನಿ."

"ಒಂದ್ ಹುಡ್ಗಿ ಅರ್ಜಿ, ಸೋಮಕ್ಕ. ನಾಕ್ ಗಂಟೆ ಒಳಗೆ ಹೋಗ್ಬೇಕು. ನನ್ನಿಂದ ತಪ್ಪಾಗದೆ."

ಸೋಮಮ್ಮ ಅವರ ಮುಖವನ್ನು ಒಂದು ಗಳಿಗೆ ನೋಡುತ್ತಾರೆ. ಕೈ ಚಾಚಿ ಸ್ವಿಚ್ ಇಳಿಸುತ್ತಾರೆ. ಬೆಲ್ಟು ನಿಧಾನವಾಗಿ ನಿಲ್ಲುತ್ತದೆ. ಸಾಲಿನಲ್ಲಿದ್ದ ಮುದುಕರೊಬ್ಬರು ಗೊಣಗುತ್ತಾರೆ. "ಸುಮ್ಕಿರಣ್ಣ," ಎನ್ನುತ್ತಾರೆ ಸೋಮಮ್ಮ, "ನಿನ್ ರಾಗಿ ಏನ್ ಓಡೋಯ್ತದಾ? ಇಸ್ಕೂಲ್ ಅರ್ಜಿಯಂತೆ. ಕೂತ್ಕ."

ಮೂರನೆಯ ಸಲ ಚಿಕ್ಕಪುಟ್ಟಮ್ಮ ತನ್ನದೇ ಹೆಸರು, ತನ್ನದೇ ಊರು ಹೊತ್ತು ಆ ಕಡೆ ಬರುತ್ತಾಳೆ. ಅಕ್ಕನೂ ಅವಳ ಜಾಗದಲ್ಲೇ ಇದ್ದಾಳೆ. ಪ್ರಮೀಳಾ ನಂಬುವುದಿಲ್ಲ. ಮತ್ತೊಮ್ಮೆ ಮಾಡುತ್ತಾರೆ, ಮಗದೊಮ್ಮೆ ಮಾಡುತ್ತಾರೆ. ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲೆ. ಹೇಳಬೇಕೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಮೂರೂವರೆ ದಾಟಿತು ಎನ್ನುತ್ತೇನೆ.

"ಗೊತ್ತು," ಎನ್ನುತ್ತಾರೆ ಅವರು. "ಇದ್ನ ಈಗ ಎಲ್ಲಾರಿಗೂ ಬುಟ್ರೆ, ಎಲ್ಲೋ ಪಿರಿಯಾಪಟ್ಣದಲ್ಲಿ ಕೂತಿರೋ ಮಗು ಹೆಸ್ರು ಹೋಗ್ಬುಟ್ರೆ? ನಂಗೆ ಗೊತ್ತೂ ಆಗಲ್ಲ. ಅದು ಅಳ್ಕಂಡು ಮನೆಗೆ ಹೋಯ್ತದೆ."

ಕೆಂಪಯ್ಯ ಎದ್ದು ಬಂದು ಮಗಳ ಕುರ್ಚಿಯ ಹಿಂದೆ ನಿಲ್ಲುತ್ತಾರೆ.

ಪ್ರಮೀಳಾ ಗುಂಡಿ ಒತ್ತುತ್ತಾರೆ.

ಆಮೇಲಿನ ಕೆಲವು ನಿಮಿಷ ಅವರು ಪರದೆಯ ಮೂಲೆಯಲ್ಲಿ ಮೇಲೇರುತ್ತಿರುವ ಸಾಲುಗಳನ್ನೇ ನೋಡುತ್ತಾರೆ. ಪ್ರತಿ ಸಾಲೂ ಒಂದು ಮಗು ಆ ಪುಟದಿಂದ ಈ ಪುಟಕ್ಕೆ ದಾಟಿದ ಗುರುತು. ಕೆ.ಆರ್. ನಗರದ್ದೊಂದು. ಹುಣಸೂರಿನದು. ಪಿರಿಯಾಪಟ್ಟಣದ್ದು. ಹೊರಟ ಹೆಸರೂ ಬಂದ ಹೆಸರೂ ಒಂದೇ. ಮತ್ತೊಂದು, ಅದೂ ಒಂದೇ. ಆಗ ಮಾತ್ರ ಧರ್ಮೇಂದ್ರನಿಗೆ ಫೋನ್ ಮಾಡುತ್ತಾರೆ.

"ಹಾಕೋ ಈಗ. ನಂಬರ್ ಹಾಕು."

ಫೋನಿನಲ್ಲಿ ಕೀಬೋರ್ಡಿನ ಸದ್ದು. ಧರ್ಮೇಂದ್ರ ಇನ್ನೊಂದು ಫೋನಿನಲ್ಲಿ ಶಿವಣ್ಣನನ್ನು ಹಿಡಿದಿದ್ದಾನೆ. "ಬಂತಾ ಶಿವಣ್ಣ? ಓಟಿಪಿ ಬಂತಾ?" ದಿಬ್ಬದ ಮೇಲಿನ ಗಾಳಿಯ ಸದ್ದಿನ ನಡುವೆ ಶಿವಣ್ಣ ಒಂದೊಂದೇ ಅಂಕಿಯನ್ನು ಕೂಗಿ ಹೇಳುತ್ತಿರುವುದು ಇಲ್ಲಿಗೂ ಕೇಳಿಸುತ್ತದೆ. ಹಿಂದೆಯೇ ಜೀಪಿನ ಹಾರನ್. "ಬತ್ತೀನಿ ತಡಿಯಪ್ಪ! ಮಗೀದು ಅರ್ಜಿ!" ಎಂದು ಅವರು ಯಾರಿಗೋ ಗದರುತ್ತಾರೆ.

"ಅಕ್ಕ, ಏನೋ ಕೇಳ್ತಾ ಅದೆ. ಈ ನಂಬರಿನಲ್ಲಿ ಯಾರ ಅರ್ಜಿ ಅಂತ. ಚಿನ್ನು ಅಂತ ಒಂದದೆ, ಬೇರೆಯವರು ಅಂತ ಒಂದದೆ."

"ನೀನ್ ಒತ್ಬ್ಯಾಡ. ಅವ್ಳ್ ಕೈಲಿ ಒತ್ಸು."

ಕಾವ್ಯಾ ಒತ್ತುತ್ತಾಳೆ. ಹೆಸರನ್ನು ಅವಳೇ ಬರೆಯುತ್ತಾಳೆ. ಧರ್ಮೇಂದ್ರ ಬೇಗ ಬೇಗ ಎನ್ನುತ್ತಾನೆ, ಅವಳು ಬೇಗ ಮಾಡುವುದಿಲ್ಲ. ಪರದೆ ಬೆಳ್ಳಗಾಗುತ್ತದೆ ಎಂದು ಹೇಳುವವರು ಯಾರೂ ಇಲ್ಲದಿದ್ದರೂ ಆ ಗಳಿಗೆ ಬಂದದ್ದು ಇಲ್ಲಿ ನಮ್ಮ ಮೂವರಿಗೂ ತಿಳಿಯುತ್ತದೆ, ಏಕೆಂದರೆ ಕೋಟೆಯಲ್ಲಿ ಎಲ್ಲರೂ ಮಾತು ನಿಲ್ಲಿಸುತ್ತಾರೆ.

"ಕಾವ್ಯಾ," ಎಂದು ಹುಡುಗಿ ಓದುತ್ತಾಳೆ. "ತಾಯಿ, ಜವರಿ." ಹಾಡಿಯ ಹೆಸರನ್ನು ಓದುತ್ತಾಳೆ. ಆಮೇಲೆ, "ನಾನೇ ಕಣಕ್ಕ. ನಾನೇ ಬಂದಿವ್ನಿ."

ಅರ್ಜಿ ಹೋಗುತ್ತದೆ. ಚಿನ್ನುವಿನ ಸೀಟು ಇದ್ದಲ್ಲೇ ಇದೆ. ಅದನ್ನೂ ಪ್ರಮೀಳಾ ತೆರೆದು ನೋಡಿ ಖಚಿತ ಮಾಡಿಕೊಳ್ಳುತ್ತಾರೆ. ಕೆಳಗೆ ಸೋಮಮ್ಮನವರಿಗೆ ಕೆಂಪಯ್ಯ ಕಿಟಕಿಯಿಂದಲೇ ಕೂಗಿ ಹೇಳುತ್ತಾರೆ. ಗಿರಣಿ ಮತ್ತೆ ತಿರುಗುತ್ತದೆ.

ಇಲ್ಲಿಗೆ ಈ ಬರಹ ಮುಗಿಸಬಹುದಿತ್ತು. ಆದರೆ ಫೋನ್ ಇಡುವ ಮುಂಚೆ ಜವರಿ ಒಂದು ಮಾತು ಹೇಳಿದರು. ಖುಷಿಯಲ್ಲೇ ಹೇಳಿದರು.

"ಒಳ್ಳೇದಾಯ್ತು ಕಣವ್ವ. ಹೋದ್ವರ್ಸ ನಮ್ ದೇವಯ್ಯನ ಮಗ್ಳೂ ಬಂದಿತ್ತು. ಅದ್ಕೂ ಇಂಗೇ ಅಂದ್ರು, ಆಗ್ಲೇ ಅರ್ಜಿ ಆಗೋಗದೆ ಅಂತ. ನಮ್ ಹಾಡಿಗೆ ಒಂದೇ ಸೀಟೇನೋ ಅಂದ್ಕಂಡು ಸುಮ್ನಾದೊ."

ನಮ್ಮ ಹಾಡಿಗೆ ಒಂದೇ ಸೀಟು. ಪ್ರಮೀಳಾ ಫೋನ್ ಹಿಡಿದೇ ಕೂತಿರುತ್ತಾರೆ. ಐದು ಗಂಟೆಗೆ ಪುಟ ತಾನಾಗಿ ಮುಚ್ಚಿಕೊಳ್ಳುತ್ತದೆ. ಹೋದ ವರ್ಷದ ಸಾಲುಗಳನ್ನು ಅವರು ಹುಡುಕಿ ನೋಡುತ್ತಾರೆ. ದಾಟಿದವರ ಗುರುತು ಮಾತ್ರ ಅಲ್ಲಿದೆ. ಬೂದು ಚೌಕದಲ್ಲಿ ಇನ್ನೊಬ್ಬಳ ಹೆಸರು ನೋಡಿ ಎದ್ದು ಹೋದವರ ಗುರುತು ಎಲ್ಲೂ ಇಲ್ಲ. ಕಾಡಂಚಿನಲ್ಲಿ ವೀರನಹೊಸಹಳ್ಳಿಯ ಕಡೆಯಿಂದ ಹಿಡಿದು ಕಬಿನಿ ಹಿನ್ನೀರಿನವರೆಗೆ ಇಂಥ ಒಂದೇ ನಂಬರಿನ ಹಾಡಿಗಳು ಎಷ್ಟಿವೆಯೋ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

"ಒಬ್ರಿಗೆ ಒಂದ್ ನಂಬರು ಇದ್ದೇ ಇರ್ತದೆ ಅಂದ್ಕಂಡಿದ್ದೆ," ಎಂದು ಅವರು ಹೇಳಿದ್ದು ಆಗ.

ಅವರ ಫೋಟೋ ಕೇಳಿದೆ, ಕೊಡಲಿಲ್ಲ. "ನನ್ನ ಯಾರೂ ನೋಡ್ಬಾರ್ದು ಕಣ್ರೀ. ನಾನು ಕಂಡೆ ಅಂದ್ರೆ ಎಲ್ಲೋ ಏನೋ ಚೆಲ್ಲದೆ ಅಂತ." ಆಸೆ ಏನಾದರೂ ಇದೆಯೇ ಎಂದು ಕೇಳಿದ್ದಕ್ಕೆ, ದೇವಯ್ಯನ ಮಗಳ ಹೆಸರು ತಿಳಿದುಕೊಳ್ಳಬೇಕು ಎಂದರು. ಹಿಂದಿನ ವರ್ಷ ತಪ್ಪಿಸಿಕೊಂಡವರನ್ನು ಈ ಸಲ ಸೇರಿಸಿಕೊಳ್ಳಲು ಸಾಧ್ಯವೇ ಎಂದು ಸಂಸ್ಥೆಗೆ ಬರೆದಿದ್ದಾರೆ. ಹೆಸರುಗಳನ್ನು ಕೊಟ್ಟರೆ ನೋಡುತ್ತೇವೆ ಎಂಬ ಉತ್ತರ ಬಂದಿದೆ. ಆಯ್ಕೆಯಾದವರ ಪಟ್ಟಿ ಇನ್ನೂ ಬಂದಿಲ್ಲ. ಕಾವ್ಯಾಗೆ ಸೀಟು ಸಿಗುತ್ತದೆಯೇ ಎಂದು ನಾನು ಹೇಳಲಾರೆ. ಅರ್ಜಿಯಂತೂ ಅವಳ ಹೆಸರಿನಲ್ಲೇ ಇದೆ. ಮೇಸ್ತ್ರಿಯ ಜೀಪಿನಲ್ಲಿ ಈ ವಾರ ಜವರಿ ಒಬ್ಬರೇ ಹೋದರಂತೆ.

ಬ್ಯಾಗು ಮರೆತು ಬಂದಿದ್ದೆನೆಂದು, ಆ ಕೊನೆಯ ದಿನದ ಮರುದಿನ ಬೆಳಿಗ್ಗೆ ಮತ್ತೆ ಅವರ ಮೆಟ್ಟಿಲು ಹತ್ತಿದೆ. ಅರ್ಜಿ ಕಾಲ ಮುಗಿದಿತ್ತು, ಪುಟ್ಟಮ್ಮನಿಗೆ ರಜೆ. ಆದರೂ ದೀಪ ಉರಿಯುತ್ತಿತ್ತು. ಶಿವಣ್ಣ ಕಾಡಿನಿಂದ ಮರಳಿ ದಿಬ್ಬ ಹತ್ತುವ ಹೊತ್ತನ್ನು ಕಾದು, ಪ್ರಮೀಳಾ ನಂಬರು ಒತ್ತುತ್ತಿದ್ದರು. ಆ ಕಡೆ ಫೋನ್ ಎತ್ತಿದ ಸದ್ದು, ಏರಿ ಬಂದವರ ಏದುಸಿರು.

"ಯಾರ್ ಮನೆಗೆ ಫೋನು?"

ಪ್ರಮೀಳಾ ಪೆನ್ನು ತೆಗೆದುಕೊಂಡರು.

"ಎಲ್ಲಾರ ಮನೆಗೂ, ಶಿವಣ್ಣ. ಒಂದೊಂದಾಗಿ ಕೂಗಿ."